ಸ್ಕಾಟ್ಲೆಂಡಿನ ಸಂತೆಯೂರಲ್ಲಿ ಒಂದು ಮೆಟ್ಟುಕತ್ತಿ

ನಾನು ಲಂಡನ್ನಿನ ಒಂದು ದೊಡ್ಡ ಮ್ಯೂಸಿಯಮ್ಮಿನಲ್ಲಿ ಕಾವಲುಗಾರನಾಗಿದ್ದೆ. ಈ ಒಂದು ವಾಕ್ಯವನ್ನು ಬಾಯಿಬಿಟ್ಟು ಹೇಳಲು ನನಗೆ ಎಂಟು ವರ್ಷ ಬೇಕಾಯಿತು. ಅದೂ ನಾನಾಗಿ ಹೇಳಿದ್ದಲ್ಲ. ಸ್ಕಾಟ್ಲೆಂಡಿನ ಗಡಿಭಾಗದ ಒಂದು ಸಂತೆಯೂರಿನಲ್ಲಿ, ಒಂದು ಮೆಟ್ಟುಕತ್ತಿಯ ಮುಂದೆ, ಗುಟ್ಟು ತಾನಾಗಿ ಹೊರಬಿತ್ತು.

ಕೆಲಸ ನನಗೆ ಇಷ್ಟವಾಗಿತ್ತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಪಿಂಗಾಣಿ ಪಾತ್ರೆಗಳ ಮೂರು ಕೋಣೆಗಳು ನನ್ನ ಸುಪರ್ದಿಗೆ. ನೀಲಿ ಕೋಟು, ಸೊಂಟಕ್ಕೆ ವಾಕಿಟಾಕಿ. ದಿನಕ್ಕೆ ನೂರು ಸಲ ಎರಡೇ ಮಾತು: ದಯವಿಟ್ಟು ಮುಟ್ಟಬೇಡಿ, ಶೌಚಾಲಯ ಎಡಗಡೆ. ಉಳಿದ ಹೊತ್ತು ಆ ಹೂಜಿಗಳನ್ನೂ ಬಟ್ಟಲುಗಳನ್ನೂ ನೋಡುತ್ತಿರುವುದು. ಯಾವ ಬಟ್ಟಲಿನ ಅಂಚಿನಲ್ಲಿ ಕೂದಲೆಳೆಯ ಬಿರುಕಿದೆ, ಯಾವ ಹೂಜಿಯ ಮೇಲಿನ ಹಕ್ಕಿಗೆ ಬರೆದವನು ಕಾಲು ಹಾಕಲು ಮರೆತಿದ್ದಾನೆ ಎಂಬುದೆಲ್ಲ ನನಗೆ ಬಾಯಿಪಾಠ. ಲಂಡನ್ನಿನ ಅಂಚಿನ ಇಲ್ಫರ್ಡಿನ ನಮ್ಮ ಮನೆಯ ಲೋಟಗಳು ಎಷ್ಟಿವೆ ಎಂದು ಕೇಳಿದರೆ ಮಾತ್ರ ಗೊತ್ತಿಲ್ಲ.

ತೊಂದರೆ ಇದ್ದದ್ದು ಅಪ್ಪನ ವಿಷಯದಲ್ಲಿ. ಅಪ್ಪ ಮಂಗಳೂರಿನ ಒಂದು ಹೆಂಚಿನ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಗೇಟು ಕಾದವರು. ಖಾಕಿ ಚಡ್ಡಿ, ಕೈಯಲ್ಲೊಂದು ಬೆತ್ತ. ಸಾಹುಕಾರರ ಕಾರು ಬಂದರೆ ಗೇಟು ತೆಗೆದು ಸಲಾಮು ಹೊಡೆಯಬೇಕು, ಹೋದರೆ ಮುಚ್ಚಬೇಕು. ನಾನು ಪಿಯುಸಿ ಪಾಸಾದ ದಿನ ಅವರು ನನ್ನನ್ನು ಹತ್ತಿರ ಕರೆದು ಒಂದೇ ಮಾತು ಹೇಳಿದ್ದರು: "ಮಗಾ, ನೀನು ಎಂತ ಬೇಕಾದ್ರೂ ಮಾಡು. ಆದ್ರೆ ಇನ್ನೊಬ್ಬರ ಬಾಗಿಲು ಕಾಯುವ ಕೆಲಸ ಒಂದು ಬೇಡ." ನಾನು ಹೂಂ ಎಂದಿದ್ದೆ. ಆಮೇಲೆ ಏಳು ಸಮುದ್ರ ದಾಟಿ ಬಂದು ಮಾಡಿದ್ದು ಅದನ್ನೇ.

ತೊಂಬತ್ತರ ದಶಕದ ಆರಂಭದಲ್ಲಿ ಈ ಕೆಲಸ ಸಿಕ್ಕಾಗ ಅಪ್ಪನಿಗೆ ಕಾಗದ ಬರೆಯಲು ಕೂತೆ. ವಾಚ್‌ಮನ್ ಎಂದು ಬರೆಯಲು ಪೆನ್ನು ಮುಂದೆ ಹೋಗಲಿಲ್ಲ. ನಮ್ಮ ಕಡೆ ರೈಲ್ವೆಯಲ್ಲಿ ಗೇಟ್ ಕೀಪರ್ ಇದ್ದಾನೆ, ಆಫೀಸಿನಲ್ಲಿ ಸ್ಟೋರ್ ಕೀಪರ್ ಇದ್ದಾನೆ. ಕಾಯುವ ಕೆಲಸವೇ ಆದರೂ ಕೇಳಲು ಸ್ವಲ್ಪ ಮರ್ಯಾದೆ. ಹಾಗಾಗಿ 'ಮ್ಯೂಸಿಯಮ್ಮಿನಲ್ಲಿ ಕೀಪರ್ ಕೆಲಸ ಸಿಕ್ಕಿದೆ' ಎಂದು ಬರೆದೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ.

ಒಂದು ತಿಂಗಳ ಮೇಲೆ ಅಪ್ಪನ ಉತ್ತರ ಬಂತು. ನನ್ನ ಕಾಗದವನ್ನು ಅವರು ಇಗರ್ಜಿಯ ಪಾದ್ರಿಗಳಿಗೆ ತೋರಿಸಿದ್ದರು. ಪಾದ್ರಿಗಳು ಇಂಗ್ಲೆಂಡಿನಲ್ಲಿ ಓದಿ ಬಂದವರು, ತಿಳಿದವರು. ಇಲ್ಲಿನ ಮ್ಯೂಸಿಯಮ್ಮುಗಳಲ್ಲಿ ಕೀಪರ್ ಎಂದರೆ ಒಂದು ಇಡೀ ವಿಭಾಗದ ಮುಖ್ಯಸ್ಥ, ದೊಡ್ಡ ವಿದ್ವಾಂಸ, ಪುಸ್ತಕ ಬರೆಯುವವನು ಎಂದು ಅವರು ಅಪ್ಪನಿಗೆ ವಿವರಿಸಿದ್ದರು. ಅದು ನಿಜ. ನನಗೂ ಅಷ್ಟರಲ್ಲಿ ತಿಳಿದಿತ್ತು. ನಮ್ಮ ಪಿಂಗಾಣಿ ವಿಭಾಗದ ಕೀಪರ್ ವಾರಕ್ಕೊಮ್ಮೆ ನನ್ನ ಮುಂದೆ ಹಾದುಹೋಗುತ್ತಿದ್ದರು, ನಾನು ಗುಡ್ ಮಾರ್ನಿಂಗ್ ಸರ್ ಎನ್ನುತ್ತಿದ್ದೆ. ಅಪ್ಪ ಬರೆದಿದ್ದರು: 'ಊರಿನವರೆಲ್ಲ ಕೇಳಿ ಸಂತೋಷಪಟ್ಟರು. ನಾನು ಮಾಡಿದ ಕೆಲಸ ನನ್ನಲ್ಲಿಗೇ ಮುಗಿಯಿತು, ದೇವರು ದೊಡ್ಡವನು.'

ಇನ್ನು ಎಂತ ತಿದ್ದುವುದು? ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ ಎಂಟು ವರ್ಷ ಕಳೆದೆ. ಪ್ರತಿ ಭಾನುವಾರ ಫೋನಿನಲ್ಲಿ ಅಪ್ಪ "ಆಫೀಸು ಹೇಗುಂಟು?" ಎಂದು ಕೇಳುತ್ತಿದ್ದರು. "ಚೆಂದ ಉಂಟು" ಎನ್ನುತ್ತಿದ್ದೆ. ಆಮೇಲೆ ಊಟ ಸೇರುತ್ತಿರಲಿಲ್ಲ.

ನನ್ನ ಹೆಂಡತಿ ಇಲ್ಫರ್ಡಿನ ಹತ್ತಿರದ ಆಸ್ಪತ್ರೆಯಲ್ಲಿ ನರ್ಸು. ನನ್ನ ನೀಲಿ ಕೋಟಿಗೆ ಇಸ್ತ್ರಿ ಹಾಕುವವಳೇ ಅವಳಾದ್ದರಿಂದ ನಾನು ಏನು ಕೆಲಸ ಮಾಡುತ್ತೇನೆಂದು ಅವಳಿಗೆ ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು ಕೀಪರ್ ಎಂಬ ಪದದ ಅರ್ಥ. ಮದುವೆಯ ಮಾತುಕತೆಯ ಹೊತ್ತಿನಿಂದ ಅದೇ ಪದ ಕೇಳಿದವಳು, ಮ್ಯೂಸಿಯಮ್ಮಿನಲ್ಲಿ ಕಾಯುವವರನ್ನು ಇಂಗ್ಲಿಷಿನಲ್ಲಿ ಹಾಗೇ ಕರೆಯುತ್ತಾರೆ ಎಂದುಕೊಂಡಿದ್ದಳು. ಮಾವ ಹೆಮ್ಮೆಪಡುವುದನ್ನು ನೋಡಿ, ಅಪ್ಪಂದಿರಿಗೆ ಹೆಮ್ಮೆಗೆ ಕಾರಣ ಬೇಕಾ ಎಂದು ನಗುತ್ತಿದ್ದಳು. ನಾನು ಅವಳಿಗೂ ಬಿಡಿಸಿ ಹೇಳಿರಲಿಲ್ಲ.

ಆ ವರ್ಷ ಬೇಸಿಗೆಯಲ್ಲಿ ಅವಳ ವಾರ್ಡಿನ ಸ್ಕಾಟಿಷ್ ನರ್ಸೊಬ್ಬರು ತಮ್ಮ ಊರಿನ ಖಾಲಿ ಮನೆಯ ಬೀಗದ ಕೈ ಕೊಟ್ಟು, ಒಂದು ವಾರ ಇದ್ದು ಬನ್ನಿ ಎಂದರು. ಮಗಳನ್ನು ಗೆಳೆಯರ ಮನೆಯಲ್ಲಿ ಬಿಟ್ಟಿದ್ದೆವು. ನಾವಿಬ್ಬರೇ ರೈಲು ಹತ್ತಿ, ಆಮೇಲೆ ಬಸ್ಸು ಹಿಡಿದು ಆ ಊರು ಮುಟ್ಟಿದೆವು. ಸುತ್ತ ಹಸಿರು ಗುಡ್ಡ, ಗುಡ್ಡದ ತುಂಬ ಕುರಿ, ನಡುವೆ ಕಂದು ಕಲ್ಲಿನ ಊರು. ಊರ ಮಧ್ಯದಲ್ಲಿ ಸಂತೆಯ ಚೌಕ. ಗುರುವಾರ ಅಲ್ಲಿ ಮೊಟ್ಟೆ, ಚೀಸು, ಉಣ್ಣೆ ಕಾಲುಚೀಲ, ಹೂವಿನ ಸಸಿ ಎಲ್ಲ ಮಾರಾಟಕ್ಕೆ ಬರುತ್ತಿತ್ತು.

"ರಜೆಯಲ್ಲಿಯೂ ಮ್ಯೂಸಿಯಮ್ಮಾ?" ಎಂದಳು ಇವಳು, ನಾನು ಮೊದಲ ದಿನವೇ ಪಟ್ಟಿ ಮಾಡಿದ್ದನ್ನು ನೋಡಿ. "ಮೀನು ಮಾರುವವ ರಜೆಯಲ್ಲಿ ಮೀನು ಮಾರ್ಕೆಟ್ಟಿಗೆ ಹೋದ ಹಾಗಾಯ್ತು."

ಹೋಗಿ ನೋಡಿದರೆ ಅವಳೇ ಸೋತಳು. ಊರಿನಾಚೆ ಕ್ರೈಸ್ತ ಸನ್ಯಾಸಿಗಳ ಒಂದು ಹಳೆಯ ಮಠ. ಮಾಡು ಹಾರಿಹೋಗಿ ನಾನೂರು ವರ್ಷವಾಗಿರಬೇಕು, ಗೋಡೆ ಮತ್ತು ಕಮಾನು ಮಾತ್ರ ಉಳಿದಿವೆ. ನಾನು ಎಲ್ಲಿ ಹೋದರೂ ವಸ್ತುವಿಗಿಂತ ಮೊದಲು ಕಾಯುವವರನ್ನು ನೋಡುವವನು. ಅಲ್ಲಿನ ಕಾವಲುಗಾರ ಮೊಣಕಾಲೂರಿ ಕೂತು, ಬಿದ್ದ ಒಂದೊಂದು ಕಲ್ಲಿನ ಸುತ್ತಲೂ ಬೆಳೆದ ಹುಲ್ಲನ್ನು ಕತ್ತರಿಯಿಂದ ಕತ್ತರಿಸುತ್ತಿದ್ದ. ಯಂತ್ರ ತಾಗಿದರೆ ಕಲ್ಲು ಸವೆಯುತ್ತದಂತೆ. ಬಿದ್ದುಹೋದದ್ದನ್ನು ಇಷ್ಟು ಮುತುವರ್ಜಿಯಿಂದ ನೋಡಿಕೊಳ್ಳುವ ಜನರನ್ನು ಕಂಡು ನನಗೆ ಕೈಮುಗಿಯಬೇಕು ಅನ್ನಿಸಿತು. ನಮ್ಮಲ್ಲಿ ನಿಂತಿರುವುದಕ್ಕೇ ದಿಕ್ಕಿಲ್ಲ.

ಮರುದಿನ ಹಳೆಯ ಸೆರೆಮನೆಗೆ ಹೋದೆವು. ಅದೂ ಈಗ ಮ್ಯೂಸಿಯಂ. ಪ್ರತಿ ಕೋಣೆಯ ಮಂಚದ ಮೇಲೆ ಹುಲ್ಲು ಹಾಸಿದ್ದರು, ಹಳೆಯದಲ್ಲ, ಹೊಸ ಹುಲ್ಲು. ಪ್ರತಿ ವರ್ಷ ಊರಿನ ರೈತರೇ ತಂದು ಬದಲಾಯಿಸುತ್ತಾರಂತೆ. ಕೈದಿಗಳ ಊಟದ ಪಟ್ಟಿಯನ್ನು ಇವಳು ಪೂರ್ತಿ ಓದಿದಳು: ಬೆಳಿಗ್ಗೆ ಓಟ್ಸಿನ ಗಂಜಿ, ರಾತ್ರಿ ಓಟ್ಸಿನ ಗಂಜಿ. "ನಮ್ಮ ಆಸ್ಪತ್ರೆಯದ್ದಕ್ಕಿಂತ ಅಡ್ಡಿಲ್ಲ" ಎಂದಳು. ಆಮೇಲೆ ನೇಕಾರನೊಬ್ಬನ ಮನೆ. ಅಲ್ಲಿ ಒಬ್ಬರು ಮಗ್ಗದ ಮುಂದೆ ಕೂತು ಇವತ್ತಿಗೂ ನೇಯ್ದು ತೋರಿಸುತ್ತಿದ್ದರು. ಇವಳು ಅಲ್ಲಿಂದ ಏಳಲಿಲ್ಲ. ನಾಲ್ಕು ದಿನ ಹೀಗೇ ಕಳೆಯಿತು. ಸಣ್ಣ ಊರು, ಸಣ್ಣ ಸಣ್ಣ ಮ್ಯೂಸಿಯಮ್ಮುಗಳು, ಎಲ್ಲ ಕಡೆ ಊರಿನವರೇ ಬಿಡುವಿನಲ್ಲಿ ಬಂದು ಕಾಯುತ್ತಾರೆ. ಲಂಡನ್ನಿನ ನಮ್ಮ ಅರಮನೆಯಂಥ ಕಟ್ಟಡದಲ್ಲಿ ನಾನು ಕಾಣದಿದ್ದ ಒಂದು ಪ್ರೀತಿ ಅಲ್ಲಿ ಕಂಡಿತು.

ಐದನೆಯ ದಿನ ಚೌಕದ ಪಕ್ಕದ ಹಳೆಯ ಧಾನ್ಯದ ಮಂಡಿಗೆ ಹೋದೆವು. ಅದರ ಮಾಳಿಗೆಯಲ್ಲಿ ಊರಿನದೇ ಮ್ಯೂಸಿಯಂ. ಒಂದೇ ದೊಡ್ಡ ಕೋಣೆ. ಬಾಗಿಲ ಬಳಿ ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಉಣ್ಣೆಯ ಸ್ಕರ್ಟು ತೊಟ್ಟು, ಮುಂದೆ ಒಂದು ದಪ್ಪ ರಿಜಿಸ್ಟರು ಇಟ್ಟುಕೊಂಡು ಕೂತಿದ್ದರು. ಬೇರೆ ಯಾರೂ ಇರಲಿಲ್ಲ. ಬೆಣ್ಣೆ ಕಡೆಯುವ ಮರದ ಪೀಪಾಯಿ, ಕುರಿಯ ಉಣ್ಣೆ ಕತ್ತರಿಸುವ ಕತ್ತರಿಗಳು, ಊರಿನ ಹಳೆಯ ಬ್ಯಾಂಡಿನ ಡೋಲು. ಎಲ್ಲದರ ಮುಂದೆ ಕೈಬರಹದ ಚೀಟಿ. ಒಂದರ ಮೇಲೂ ಧೂಳಿಲ್ಲ.

ಮೂಲೆಯ ಗಾಜಿನ ಪೆಟ್ಟಿಗೆಯಲ್ಲಿ ಹೊರದೇಶದ ವಸ್ತುಗಳಿದ್ದವು. ಹಿಂದೆ ಸೈನ್ಯಕ್ಕೂ ತೋಟಗಳಿಗೂ ಹೋದ ಊರಿನ ಮಕ್ಕಳು ತಂದವು. ಇವಳು ಅದರ ಮುಂದೆ ನಿಂತವಳು ಬಾಯಿಗೆ ಕೈ ಅಡ್ಡ ಹಿಡಿದು ನಗತೊಡಗಿದಳು.

ನಡುವೆ ಇದ್ದದ್ದು ನಮ್ಮ ಮೆಟ್ಟುಕತ್ತಿ. ಘಟ್ಟದ ಮೇಲಿನವರು ಈಳಿಗೆಮಣೆ ಎನ್ನುತ್ತಾರೆ. ಕೂರುವ ಮಣೆ, ಅದರಿಂದ ಮೇಲೆದ್ದ ಬಾಗಿದ ಕಬ್ಬಿಣದ ಅಲಗು, ಅಲಗಿನ ತುದಿಯಲ್ಲಿ ತೆಂಗಿನಕಾಯಿ ತುರಿಯುವ ಹಲ್ಲು. ಅದನ್ನು ನೆಟ್ಟಗೆ ನಿಲ್ಲಿಸಿ, ಹಿಂದೆ ಕೆಂಪು ಮಖಮಲ್ಲು ಕಟ್ಟಿದ್ದರು. ಚೀಟಿಯಲ್ಲಿ ಹೀಗಿತ್ತು: ಬಲಿ ಕೊಡುವ ಕತ್ತಿ, ದಕ್ಷಿಣ ಭಾರತ. ತುದಿಯ ಹಲ್ಲುಗಳನ್ನು ತಲೆಬುರುಡೆ ಕೆರೆಯಲು ಬಳಸುತ್ತಿದ್ದಿರಬಹುದು.

"ತಲೆಬುರುಡೆಯಂತೆ," ಎಂದಳು ಇವಳು. "ನಮ್ಮಮ್ಮ ದಿನಕ್ಕೆರಡು ಬುರುಡೆ ಕೆರೀತಿದ್ರು ಹಾಗಾದ್ರೆ. ಮೀನು ಸಾರಿಗೆ ಒಂದು, ಪಲ್ಯಕ್ಕೆ ಒಂದು."

ನಗು ಕೇಳಿ ಅಜ್ಜಿ ಎದ್ದು ಬಂದರು. ಇದು ಏನೆಂದು ನಿಮಗೆ ಗೊತ್ತೇ ಎಂದು ಆಸೆಯಿಂದ ಕೇಳಿದರು. ಇವಳು ನನ್ನ ಕಡೆ ಕೈ ತೋರಿಸಿ, ತನ್ನ ಆಸ್ಪತ್ರೆಯ ಇಂಗ್ಲಿಷಿನಲ್ಲಿ, ತುಂಬ ಹೆಮ್ಮೆಯಿಂದ, "ನನ್ನ ಗಂಡ ಲಂಡನ್ನಿನ ಮ್ಯೂಸಿಯಮ್ಮಿನಲ್ಲಿ ಕೀಪರ್" ಎಂದುಬಿಟ್ಟಳು. ಮ್ಯೂಸಿಯಮ್ಮಿನ ಹೆಸರನ್ನೂ ಹೇಳಿದಳು.

ಅಜ್ಜಿಯ ಮುಖ ಬದಲಾಯಿತು. ಕೂದಲು ಸರಿಮಾಡಿಕೊಂಡರು. "ನಮ್ಮಂಥ ಕಡೆಗೆ ಕೀಪರ್ ಬರುತ್ತಾರೆಂದು ನಾನು ಅಂದುಕೊಂಡೇ ಇರಲಿಲ್ಲ. ಒಂದು ನಿಮಿಷ ಕೂತ್ಕೊಳ್ಳಿ" ಎಂದು ಒಳಗೆ ಹೋಗಿ ಕೆಟಲಿಗೆ ನೀರಿಟ್ಟು, ಬಿಸ್ಕತ್ತಿನ ಡಬ್ಬಿ ತಂದರು. ಈ ಚೀಟಿಯ ಬಗ್ಗೆ ತನಗೆ ಮೊದಲಿನಿಂದಲೂ ಅನುಮಾನ, ಕೇಳಲು ತಿಳಿದವರು ಯಾರೂ ಸಿಗಲಿಲ್ಲ, ಇವತ್ತು ನೀವು ಹೇಳಿದರೆ ನಿಮ್ಮ ಹೆಸರು ಮತ್ತು ಹುದ್ದೆಯೊಂದಿಗೆ ರಿಜಿಸ್ಟರಿನಲ್ಲಿ ಬರೆದುಕೊಳ್ಳುತ್ತೇನೆ ಎಂದರು.

ಹೇಳಬೇಕಿತ್ತು. ಆಗಲೇ, ಅಲ್ಲೇ, ನಾನು ಆ ಕೀಪರ್ ಅಲ್ಲ ಎನ್ನಬೇಕಿತ್ತು. ಆದರೆ ಅಜ್ಜಿ ನನ್ನನ್ನು ನೋಡುತ್ತಿದ್ದ ರೀತಿಯಲ್ಲೇ ಅಪ್ಪ ಊರಿನಲ್ಲಿ ನನ್ನ ಫೋಟೋವನ್ನು ನೋಡುತ್ತಿದ್ದಿರಬೇಕು ಅನ್ನಿಸಿತು. ನಾನು ಗಂಭೀರವಾಗಿ ತಲೆಯಾಡಿಸಿ, "ಪರಿಶೀಲಿಸಬೇಕು" ಎಂದೆ. ಈಗ ನೆನೆದರೂ ಮೈ ಉರಿಯುತ್ತದೆ.

ಅಜ್ಜಿ ಪೆಟ್ಟಿಗೆಯ ಬೀಗ ತೆಗೆದರು. ಬಿಳಿ ಕೈಗವಸು ತೊಟ್ಟು ಮೆಟ್ಟುಕತ್ತಿಯನ್ನು ಹೊರತೆಗೆದರು. ಇದನ್ನು ಹೀಗೆ ನಿಲ್ಲಿಸುವುದಲ್ಲ, ನೆಲದ ಮೇಲೆ ಮಲಗಿಸಿ ಇಡಬೇಕು ಎಂದಳು ಇವಳು. ಅಜ್ಜಿ ನೆಲಕ್ಕೆ ಬಟ್ಟೆ ಹಾಸಿ ಹಾಗೆಯೇ ಇಟ್ಟರು. ಮಣೆ ನೆಲಕ್ಕೆ ಕೂತದ್ದೇ ಅಲಗು ಸರಿಯಾಗಿ ಮೇಲೆದ್ದು ನಿಂತಿತು. ಕತ್ತಿಯ ತಲೆಬುಡ ಆಗ ಅರ್ಥವಾಯಿತು.

"ಹೇಗೆ ಅಂತ ತೋರಿಸ್ತೇನೆ" ಎಂದು ಇವಳು ಚಪ್ಪಲಿ ಬಿಟ್ಟಳು. ಮೆಟ್ಟುಕತ್ತಿ ಎಂದ ಮೇಲೆ ಮೆಟ್ಟಿಯೇ ಕೂರಬೇಕು. ಬಲಗಾಲು ಎತ್ತಿ ಮಣೆಯ ಮೇಲೆ ಇಡಲು ಹೋದಳು.

ಆಗ ನನ್ನ ಬಾಯಿಂದ ಬಂತು. ಬಲಗೈ ತಾನಾಗಿ ಅಡ್ಡ ಚಾಚಿತು, ಎಡಗೈ ಸೊಂಟದ ವಾಕಿಟಾಕಿ ಹುಡುಕಿತು. ಗಟ್ಟಿಯೂ ಅಲ್ಲದ, ಮೆತ್ತಗೂ ಅಲ್ಲದ, ಎಂಟು ವರ್ಷ ಪಳಗಿದ ಧ್ವನಿಯಲ್ಲಿ ಇಂಗ್ಲಿಷಿನಲ್ಲಿ ಹೇಳಿದೆ: "ಮೇಡಂ, ದಯವಿಟ್ಟು ವಸ್ತುಗಳನ್ನು ಮುಟ್ಟಬೇಡಿ. ಒಂದು ಹೆಜ್ಜೆ ಹಿಂದೆ ಸರಿಯಿರಿ."

ಇವಳು ಎತ್ತಿದ ಕಾಲನ್ನು ಹಾಗೆಯೇ ಹಿಡಿದು ನನ್ನನ್ನು ನೋಡಿದಳು. ಸ್ವಂತ ಹೆಂಡತಿಯನ್ನು ಮೇಡಂ ಎಂದಿದ್ದೆ.

ಅಜ್ಜಿ ನನ್ನ ಚಾಚಿದ ಕೈ ನೋಡಿದರು. ಆಮೇಲೆ ನನ್ನ, ಸದ್ದು ಮಾಡದ, ಕಾವಲುಗಾರರು ಹಾಕುವ ದಪ್ಪ ರಬ್ಬರ್ ತಳದ ಶೂ ನೋಡಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. "ಎಷ್ಟು ವರ್ಷದಿಂದ ಗ್ಯಾಲರಿ ಕಾಯ್ತಿದ್ದೀರಿ?" ಎಂದು ಕೇಳಿದರು.

"ಎಂಟು" ಎಂದೆ. ತಲೆ ಎತ್ತಲಾಗಲಿಲ್ಲ.

"ನಾನು ಊರಿನಾಚೆಯ ಹಳೆಯ ಮಠದಲ್ಲಿ ಇಪ್ಪತ್ತೆರಡು ವರ್ಷ ಕಾದವಳು" ಎಂದರು. "ಈ ಮಾತನ್ನು ಹೀಗೆ ಹೇಳಲು ಕೀಪರುಗಳಿಗೆ ಬರುವುದಿಲ್ಲ. ಅವರು ಕಿರುಚುತ್ತಾರೆ." ಸೂಲಗಿತ್ತಿಯ ಮುಂದೆ ಬಸಿರು ಮುಚ್ಚಿಡಲಾದೀತೇ?

ನಾನು ಕ್ಷಮೆ ಕೇಳಿದೆ. ಅಜ್ಜಿ ಅದನ್ನು ಕಿವಿಗೆ ಹಾಕಿಕೊಳ್ಳದೆ ಇವಳ ಕಡೆ ತಿರುಗಿ, ಕಾಲಿಡುವುದು ಬೇಡ, ಪಕ್ಕದಲ್ಲಿ ಕೂತು ತೋರಿಸಿ ಎಂದರು. ಇವಳು ನೆಲದ ಮೇಲೆ ಕೂತು, ಇಲ್ಲದ ಮಣೆಯನ್ನು ಮೆಟ್ಟಿ, ಇಲ್ಲದ ಕಾಯಿಯನ್ನು ಎರಡು ಕೈಯಲ್ಲಿ ಹಿಡಿದು ತುರಿದು ತೋರಿಸಿದಳು. ಅಜ್ಜಿ ಹಳೆಯ ಚೀಟಿ ಕಿತ್ತು, ನಮ್ಮೆದುರೇ ಪೆನ್ಸಿಲಿನಲ್ಲಿ ಹೊಸದು ಬರೆದರು: ಅಡುಗೆಮನೆಯ ಕತ್ತಿ, ತರಕಾರಿ, ಮೀನು ಮತ್ತು ತೆಂಗಿನಕಾಯಿಗೆ. ರಿಜಿಸ್ಟರಿನಲ್ಲಿ ಇವಳ ಹೆಸರು ಬರೆದು, ಮುಂದೆ 'ಬಳಸಿ ಬಲ್ಲವರು' ಎಂದು ಸೇರಿಸಿದರು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಒಪ್ಪಿ, ತಪ್ಪನ್ನು ಬಂದವರ ಎದುರೇ ಕಿತ್ತುಹಾಕಿದ ಆ ಮ್ಯೂಸಿಯಮ್ಮಿನಷ್ಟು ದೊಡ್ಡ ಮ್ಯೂಸಿಯಮ್ಮನ್ನು ನಾನು ಇವತ್ತಿಗೂ ನೋಡಿಲ್ಲ.

ಕೆಳಗಿಳಿದು ಚೌಕದ ಬೆಂಚಿನ ಮೇಲೆ ಕೂತೆವು. ಮನೆಯಲ್ಲಿ ನಮ್ಮ ಮಾತು ಕೊಂಕಣಿ. ಜಗಳ ಮಾತ್ರ ಕನ್ನಡದಲ್ಲಿ. ಇಬ್ಬರೂ ಕನ್ನಡ ಶಾಲೆಯಲ್ಲಿ ಕಲಿತವರು, ತರ್ಕ ಬರುವುದು ಆ ಭಾಷೆಯಲ್ಲೇ.

"ಕೀಪರ್ ಅಂದ್ರೆ ಎಂತ?" ಎಂದಳು, ಕನ್ನಡದಲ್ಲಿ.

ಹೇಳಿದೆ. ಪಾದ್ರಿಗಳ ವಿವರಣೆ, ಅಪ್ಪನ ಕಾಗದ, ಎಲ್ಲ ಹೇಳಿದೆ.

"ಮಾವ ಮೂವತ್ತೊಂದು ವರ್ಷ ಗೇಟು ಕಾದು ನಿಮ್ಮನ್ನು ಓದಿಸಿದ್ರು. ಆ ಕೆಲಸದ ಹೆಸರು ಹೇಳ್ಲಿಕ್ಕೆ ನಿಮಗೆ ನಾಚಿಕೆಯಾ?"

"ನಾಚಿಕೆ ಅಲ್ಲ ಮಾರಾಯ್ತಿ. ಅದು ಬೇಡ ಅಂತ ಹೇಳಿದ್ದೇ ಅವರು. ಕೇಳಿದ್ರೆ ಅವರ ಎದೆ ಒಡೀತದೆ."

"ನೀವು ಅವತ್ತು ಹೇಳ್ದೆ ಇದ್ದದ್ದು ಅವರಿಗೋಸ್ಕರ ಇರ್ಬಹುದು. ಆಮೇಲಿನ ಎಂಟು ವರ್ಷದ್ದು ನಿಮಗೋಸ್ಕರ" ಎಂದಳು. "ಅವರಿಗೆ ಎಪ್ಪತ್ತೆಂಟು ಆಯ್ತು. ಮಗ ಎಂತ ಮಾಡ್ತಾನೆ ಅಂತ ತಿಳೀದೆ ಹೋಗ್ಬೇಕಾ ಅವರು?"

ಸ್ವಲ್ಪ ಹೊತ್ತಿನ ಮೇಲೆ ಅವಳೇ, "ಮೇಡಂ ಅಂದ್ರಲ್ಲ, ಅಷ್ಟು ಮರ್ಯಾದೆಯಿಂದ ನನ್ನ ಹತ್ರ ಯಾವತ್ತೂ ಮಾತಾಡಿಲ್ಲ ನೀವು" ಎಂದಳು.

ಇಲ್ಫರ್ಡಿಗೆ ವಾಪಸಾದ ಮೇಲಿನ ಭಾನುವಾರ ಬೆಳಿಗ್ಗೆ ಇಗರ್ಜಿಯ ಪೂಜೆ ಮುಗಿಸಿ ಬಂದು ಫೋನು ಮಾಡಿದೆ. ಊರಿನಲ್ಲಿ ಆಗ ಮಧ್ಯಾಹ್ನ, ಅಪ್ಪ ಅಣ್ಣನ ಮನೆಯಲ್ಲಿ ಊಟ ಮುಗಿಸಿ ನನ್ನ ಫೋನಿಗೆಂದೇ ಎಚ್ಚರವಾಗಿರುವ ಹೊತ್ತು. ಇವಳು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು.

"ಆಫೀಸು ಹೇಗುಂಟು?" ಎಂದರು ಅಪ್ಪ.

"ಅಪ್ಪ, ನನಗೆ ಆಫೀಸು ಇಲ್ಲ. ನಾನು ಅಲ್ಲಿ ಕೀಪರ್ ಅಲ್ಲ. ವಾಚ್‌ಮನ್. ಮೂರು ಕೋಣೆ ಕಾಯ್ತೇನೆ. ಶುರುವಿನಿಂದಲೂ ಅದೇ. ನಿಮಗೆ ಸುಳ್ಳು ಹೇಳಿದೆ."

ಲೈನು ಹೋಯಿತೇನೋ ಅಂದುಕೊಂಡೆ. ಫ್ಯಾನು ತಿರುಗುವ ಸದ್ದು ಮಾತ್ರ ಕೇಳುತ್ತಿತ್ತು.

"ಖಾಕಿಯಾ?" ಎಂದರು ಕೊನೆಗೆ.

"ಅಲ್ಲ. ನೀಲಿ ಕೋಟು."

"ಸಲಾಮು ಹೊಡೀಬೇಕಾ?"

"ಇಲ್ಲ. ಗುಡ್ ಮಾರ್ನಿಂಗ್ ಹೇಳಿದ್ರೆ ಅವರೂ ಹೇಳ್ತಾರೆ."

ಅಪ್ಪ ಮೂಗು ಸೇದಿದ ಸದ್ದು ಕೇಳಿಸಿತು. ಅಳುತ್ತಿದ್ದಾರೋ ಎಂದು ನನಗೆ ಭಯವಾಯಿತು. ಆಮೇಲೆ ಅವರು ತುಂಬ ಮೆಲ್ಲಗೆ, ಯಾರಿಗೂ ಕೇಳಿಸಬಾರದು ಎಂಬ ಹಾಗೆ ಕೇಳಿದರು.

"ಕೂತ್ಕೊಳ್ಳಿಕ್ಕೆ ಕುರ್ಚಿ ಕೊಡ್ತಾರಾ?"

"ಕೊಡ್ತಾರೆ ಅಪ್ಪ. ಪ್ರತಿ ಕೋಣೆಯಲ್ಲಿ ಒಂದು ಉಂಟು."

"ಒರಗ್ಲಿಕ್ಕೆ ಆಗ್ತದಾ ಅದರಲ್ಲಿ?"

"ಆಗ್ತದೆ."

"ನಮಗೆ ಅದೊಂದು ಕೊಡ್ಲಿಲ್ಲ ನೋಡು" ಎಂದರು ಅಪ್ಪ. "ಕೂತರೆ ನಿದ್ದೆ ಬರ್ತದೆ ಅಂತ. ಮೂವತ್ತೊಂದು ವರ್ಷ ನಿಂತೇ ಇದ್ದೆ. ಬೇಡ ಅಂತ ನಿನಗೆ ಹೇಳಿದ್ದು ಅದಕ್ಕೇ. ಕುರ್ಚಿ ಉಂಟಾದ್ರೆ ಎಂತ ತೊಂದರೆ? ಕೂತ್ಕೊಂಡು ಕಾಯಿ."

ಫೋನು ಇಟ್ಟ ಮೇಲೂ ನಾನು ಅಲ್ಲೇ ನಿಂತಿದ್ದೆ. ಇವಳು ಬಂದು ಭುಜ ಹಿಡಿದು ಕೂರಿಸಿದಳು.